ಕರಿಗ್ವಾಡಿ ಏರಿದ ಅಳಿಯ

ಯಾರಾದರೂ ನನ್ನ ಮುಂದೆ ಎಲೆ-ಅಡಿಕೆಯ ತಟ್ಟೆ ಹಿಡಿದರೆ ನಾನು ಥಟ್ಟನೆ ಕೈ ಹಾಕುವುದಿಲ್ಲ. ಮೊದಲು “ಇದು ಯಾತಕ್ಕ?” ಎಂದು ಕೇಳುತ್ತೇನೆ. ಮೊನ್ನೆ ಒಂದು ಮದುವೆಯಲ್ಲಿ ಊಟವಾದ ಮೇಲೆ ಹುಡುಗಿಯ ಸೋದರಮಾವ ತಾನೇ ತಟ್ಟೆ ಹಿಡಿದುಕೊಂಡು ಬಂದ. ನಾನು ಕೇಳಿದೆ. ಆತ ತಬ್ಬಿಬ್ಬಾಗಿ, “ಯಾತಕ್ಕಂದ್ರ... ತಿನ್ನಾಕ್ರೀ,” ಅಂದ. ಸಾಲಿನಲ್ಲಿ ಕುಳಿತವರೆಲ್ಲ ನಕ್ಕರು. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು, ಎಂದುಕೊಳ್ಳಲಿ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ನಾನು ಬಾಯಿ ಸುಟ್ಟುಕೊಂಡದ್ದು ಎಲೆ-ಅಡಿಕೆಯಿಂದ. ಆ ಕಥೆ ಹೇಳಬೇಕೆಂದರೆ ನಿಮ್ಮನ್ನು ದೇವದುರ್ಗದ ತನಕ ಕರೆದುಕೊಂಡು ಹೋಗಬೇಕು, ಅದೂ ಯುದ್ಧಕಾಲದ ಇದ್ದಿಲಿನ ಬಸ್ಸಿನಲ್ಲಿ.

ಅದಕ್ಕೂ ಮೊದಲು ನಾನು ಎಂಥ ಮನುಷ್ಯ ಎಂಬುದು ನಿಮಗೆ ಗೊತ್ತಿರಬೇಕು. ನಾನು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ, ಕೋಟೆ ಗುಡ್ಡದ ಬುಡದಲ್ಲಿ. ಬಾಗಿಲು ತೆಗೆದರೆ ಗುಡ್ಡವೇ ಕಾಣುತ್ತಿತ್ತು. ಓಣಿಯ ಹುಡುಗರೆಲ್ಲ ಶಾಲೆ ಬಿಟ್ಟೊಡನೆ ಮೇಲೆ ಹತ್ತಿ ಗಾಳಿಪಟ ಬಿಡುತ್ತಿದ್ದರು; ನಾನು ನಮ್ಮ ಕಟ್ಟೆಯ ಮೇಲೆ ಕುಳಿತು ಅವರ ಗಾಳಿಪಟದ ಬಣ್ಣ ಹೇಳುತ್ತಿದ್ದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ನನಗೆ ಮನೆಮುಂದಿನ ಗುಡ್ಡವೂ ಕೊನೆಯವರೆಗೆ ನುಣ್ಣಗೇ ಉಳಿದಿತ್ತು.

ಎತ್ತರವೆಂದರೆ ನನಗೆ ಆಗಿಬರುತ್ತಿರಲಿಲ್ಲ. ಮಾನ್ವಿಯಲ್ಲಿ ನನ್ನ ಅಜ್ಜನ ಮನೆಯಿತ್ತು. ರಜೆಯಲ್ಲಿ ಅಲ್ಲಿಗೆ ಹೋದಾಗ ಅಜ್ಜಿ ಒಮ್ಮೆ ಅಟ್ಟದ ಮೇಲಿನ ಬೆಲ್ಲದ ಗಡಿಗೆ ತರಲು ನನ್ನನ್ನು ಏಣಿ ಹತ್ತಿಸಿದಳು. ಹತ್ತುವುದೇನೋ ಹತ್ತಿದೆ, ಬೆಲ್ಲದ ಆಸೆಗೆ. ಇಳಿಯಲು ಏಣಿಯ ಕಡೆ ನೋಡಿದೆ, ಕೆಳಗೆ ಅಜ್ಜಿ ಹಿಡಿಯಷ್ಟು ಕಂಡಳು. ಅಲ್ಲೇ ಕೂತುಬಿಟ್ಟೆ. ಅಜ್ಜ ಪೂಜೆ ಮುಗಿಸಿ ಬಂದು ಹೆಗಲ ಮೇಲೆ ಹೊತ್ತು ಇಳಿಸುವಷ್ಟರಲ್ಲಿ ಗಡಿಗೆಯ ಬೆಲ್ಲ ಸಾಕಷ್ಟು ಇಳಿದಿತ್ತು. “ಹೆದರಿಕೀ ಕೂಸು, ಹೊಟ್ಟಿಗೆ ಮಾತ್ರ ಹೆದರಿಕಿಲ್ಲ,” ಎಂದು ಅಜ್ಜಿ ಊರಿಗೆಲ್ಲ ಹೇಳಿದಳು.

ಇಂಥ ನಾನು ದೊಡ್ಡವನಾಗಿ ಶಾಲಾ ಮಾಸ್ತರನಾದೆ. ನಿಜಾಮರ ಆಳ್ವಿಕೆ, ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ದೇವರ ಮುಂದೆ ಸಂಸ್ಕೃತ, ಹಲಗೆಯ ಮುಂದೆ ಉರ್ದು. ಗಣಿತ ನನ್ನ ವಿಷಯ. ಗೋಡೆಗೆ ಒರಗಿಸಿದ ಏಣಿಯ ಲೆಕ್ಕ ಬರುತ್ತದಲ್ಲ, ಏಣಿಯ ಬುಡ ಗೋಡೆಯಿಂದ ಇಷ್ಟು ದೂರವಿದ್ದರೆ ತುದಿ ಎಷ್ಟು ಎತ್ತರ ಮುಟ್ಟುತ್ತದೆ ಎಂದು, ಅದನ್ನು ನನ್ನಷ್ಟು ಧೈರ್ಯವಾಗಿ ಬಿಡಿಸುವವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಹಲಗೆಯ ಮೇಲಿನ ಏಣಿಯಿಂದ ಯಾರೂ ಬೀಳುವುದಿಲ್ಲ ನೋಡಿ.

ಮಾಸ್ತರಿಕೆ ಸಿಕ್ಕ ಮೇಲೆ ಮದುವೆ ತಡವಾಗಲಿಲ್ಲ. ಹುಡುಗಿ ದೇವದುರ್ಗದವಳು, ರುಕ್ಮಿಣಿ. ವೈಶಾಖದಲ್ಲಿ ಮದುವೆಯಾಗಿ ನಮ್ಮ ಮನೆಗೆ ಬಂದಳು. ಬಂದಳು ಎನ್ನುವುದಷ್ಟೇ. ನಮ್ಮದು ಗುಡಿಯ ಪೂಜೆಯ ಮನೆತನ. ಅಡಿಗೆಮನೆಯಲ್ಲಿ ಮಡಿಯುಟ್ಟ ಅವ್ವ, ನಡುಮನೆಯಲ್ಲಿ ಮಡಿಯುಟ್ಟ ಸೋದರತ್ತೆ, ಪಡಸಾಲೆಯಲ್ಲಿ ಅಪ್ಪ. ಈ ಮೂರು ಠಾಣೆ ದಾಟಿ ಗಂಡಹೆಂಡತಿ ಮಾತಾಡುವುದು ಸಾಮಾನ್ಯವೇ? ನನ್ನ ಊಟದ ಹೊತ್ತಾದರೆ ಅವಳು ಗೋಡೆಗೆ ಮುಖ ಮಾಡಿ, “ಎಲಿ ಹಾಕೇದ ಅಂತ ಹೇಳ್ರಿ,” ಎಂದು ಸೋದರತ್ತೆಗೆ ಹೇಳುವಳು. ಅತ್ತೆ ನನಗೆ ಹೇಳುವಳು. ನಾನು ಎರಡನ್ನೂ ಕೇಳಿಸಿಕೊಂಡು ಎರಡನೆಯದಕ್ಕೆ ಏಳುವೆನು. ರಾತ್ರಿಯೂ ಅವಳು ಮಾತಿಗೆ ಸಿಕ್ಕುತ್ತಿರಲಿಲ್ಲ. ನನಗೂ ಮಾತು ತೆಗೆಯುವುದು ತಿಳಿಯದು. ಹೀಗೆ ಒಂದಷ್ಟು ದಿನ ಕಳೆಯುವಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಅತ್ತೆ ಮತ್ತು ಹೊಸ ಸೊಸೆ ಒಂದೇ ಸೂರಿನಡಿ ಇರಬಾರದು. ಅವಳ ಅಣ್ಣ ಭೀಮಣ್ಣ ಬಂದು ಕರೆದುಕೊಂಡು ಹೋದ. ಬಸ್ಸು ಹೊರಟಾಗ ಅವಳು ತಿರುಗಿ ನೋಡುತ್ತಾಳೇನೋ ಎಂದು ನಾನು ಧೂಳಿನಲ್ಲಿ ನಿಂತೇ ಇದ್ದೆ. ನೋಡಲಿಲ್ಲ.

ಆ ತಿಂಗಳು ನನಗೆ ಮನೆ ಬೇಸರವಾಯಿತು. ಮಾತೇ ಆಡದವಳು ಇಲ್ಲದಿದ್ದರೆ ಮನೆ ಯಾಕೆ ಇಷ್ಟು ಸುಮ್ಮನಾಗಬೇಕು ಎಂಬ ಲೆಕ್ಕ ಬಿಡಿಸಲು ನನಗೆ ಬರಲಿಲ್ಲ. ಅವಳು ಬೇಕೆನ್ನಿಸುತ್ತಿತ್ತು, ಅಷ್ಟೇ. ಅವಳಿಗೂ ಹಾಗೆ ಅನ್ನಿಸುತ್ತದೆಯೇ ಎಂಬುದು ಮಾತ್ರ ಗೊತ್ತಿರಲಿಲ್ಲ, ಕೇಳುವವರೂ ಇರಲಿಲ್ಲ. ಶ್ರಾವಣ ಬಂದೊಡನೆ, ನಾಗರಪಂಚಮಿ ಮುಗಿಸಿ ಹೆಂಡತಿಯನ್ನು ಕರೆತರುವ ನೆಪದಲ್ಲಿ ದೇವದುರ್ಗದ ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿರುತ್ತಿದ್ದರು. ಗಬ್ಬೂರು ದಾಟುವ ತನಕ ಅದು ನಮ್ಮನ್ನು ಎಳೆಯಿತು. ಆಮೇಲೆ ಏರು ಬಂದಲ್ಲೆಲ್ಲ ಇಳಿದು ನಾವು ಅದನ್ನು ತಳ್ಳಿದೆವು. ಮಾವನ ಮನೆಗೆಂದು ಹೊಲಿಸಿದ್ದ ಹೊಸ ಶೇರವಾನಿಯ ಮೇಲೆ ಇದ್ದಿಲಿನ ಮಸಿ ಹೊತ್ತುಕೊಂಡೇ ಊರು ಸೇರಿದೆ.

ಮಾವನ ಮನೆಯ ಹಿತ್ತಿಲಿನ ಹುಣಸೆಮರಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಓಣಿಯ ಹೆಣ್ಣುಮಕ್ಕಳೆಲ್ಲ ಅಲ್ಲಿದ್ದರು. ಜೋಕಾಲಿಯ ಮೇಲೆ ನಿಂತು ಒಬ್ಬಳು ಜೀಕುತ್ತಿದ್ದಳು, ಕೊಂಬೆಯ ಎಲೆ ಕಾಲಿಗೆ ತಾಗುವಷ್ಟು ಎತ್ತರಕ್ಕೆ. ಜೋರಾಗಿ ನಗುತ್ತಿದ್ದಳು. ಯಾರಪ್ಪ ಈ ಗಂಡುಬೀರಿ ಎಂದು ನೋಡುತ್ತಿರುವಾಗ ಅವಳು ನನ್ನನ್ನು ನೋಡಿದಳು. ನಗು ನಿಂತಿತು. ಜೋಕಾಲಿ ನಿಂತಿತು. ಸೆರಗು ತಲೆಯ ಮೇಲೆ ಬಂತು. ನನ್ನ ರುಕ್ಮಿಣಿ. ಇವಳಿಗೆ ಇಷ್ಟು ನಗು ಬರುತ್ತದೆ ಎಂದು ನನಗೆ ತಿಳಿದದ್ದೇ ಆಗ. ನನ್ನನ್ನು ಕಂಡು ಅದು ನಿಂತುಹೋಯಿತಲ್ಲ ಎಂದು ಎದೆಯಲ್ಲಿ ಚುಳ್ಳೆಂದಿತು.

ಪಂಚಮಿಯ ದಿನ ಊಟ ಜೋರಾಯಿತು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಹೊಸ ಅಳಿಯನೆಂದು ಪ್ರತಿಯೊಂದೂ ಎರಡೆರಡು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಾಗ ನನಗೆ ಕಿವಿ ಕೇಳುವ ಸ್ಥಿತಿ ಇರಲಿಲ್ಲ. ಓಣಿಯ ಹುಡುಗರು ಬಂದು ಸೇರಿದ್ದರು. ಬಳೆಗಾರ ಮೌಲಾಸಾಬನೂ ಹೆಣ್ಣುಮಕ್ಕಳಿಗೆ ಪಂಚಮಿಯ ಬಳೆ ತೊಡಿಸಲು ಬಂದು ಮೂಲೆಯಲ್ಲಿ ಗಂಟು ಬಿಚ್ಚಿ ಕುಳಿತಿದ್ದ. ಭೀಮಣ್ಣ ಏನೋ ದೊಡ್ಡ ದನಿಯಲ್ಲಿ ಸಾರುತ್ತಿದ್ದ. ಆಮೇಲೆ ಒಂದು ಹಿತ್ತಾಳೆಯ ತಾಟು ತಂದು ನಡುವೆ ಇಟ್ಟ. ಎಲೆ, ಅಡಿಕೆ, ಸುಣ್ಣ, ನಡುವೆ ಒಂದು ನಿಂಬೆಹಣ್ಣು. ಊಟವಾದ ಮೇಲೆ ತಾಂಬೂಲ, ಇನ್ನೇನಿರುತ್ತದೆ? ನಿಂಬೆಹಣ್ಣು ದೇವದುರ್ಗದ ಮರ್ಯಾದೆ ಇರಬೇಕೆಂದುಕೊಂಡೆ. ಕೈಚಾಚಿ ಎರಡು ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಂಡೆ.

ಮರುಕ್ಷಣ ಹುಡುಗರು ಹೋ ಎಂದು ಎದ್ದರು.

“ಭಾವನೋರು ವೀಳ್ಯ ಎತ್ತಿದ್ರು!” ಎಂದು ಭೀಮಣ್ಣ ತೊಡೆ ತಟ್ಟಿದ. “ಭಪ್ಪರೆ! ಪ್ಯಾಟಿ ಮಂದಿ ಅಂದ್ರ ಹೆದರ್ತಾರ ಅಂದ್ಕೊಂಡಿದ್ದೆ.”

ಆ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಪಂಚಮಿಯೆಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಶರ್ತು. ಗುಂಡು ಎತ್ತುವುದು, ನಿಂಬೆಹಣ್ಣು ಎಸೆಯುತ್ತ ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದು, ಹೀಗೆ. ಶರ್ತು ಸಾರಿ ತಾಟು ಇಡುತ್ತಾರೆ. ಯಾರು ಎಲೆ ಎತ್ತಿಕೊಳ್ಳುತ್ತಾರೋ ಅವರು ಒಪ್ಪಿದಂತೆ. ನಿಂಬೆಹಣ್ಣು ಇದ್ದರೆ ಅದು ಶರ್ತಿನ ತಾಟು ಎಂದು ಅಲ್ಲಿಯ ಕೂಸಿಗೂ ಗೊತ್ತು. ಅಲ್ಲಿಯ ಅಳಿಯನಿಗೆ ಗೊತ್ತಿರಲಿಲ್ಲ. ನುಂಗಲಾರೆ ಉಗುಳಲಾರೆ ಎಂಬ ಮಾತಿಗೆ ನನ್ನ ಬಾಯಿಯಲ್ಲಿ ಅಂದು ಪೂರಾ ಅರ್ಥವಿತ್ತು.

“ಏನು ಶರ್ತು?” ಎಂದೆ, ರಸ ಗಟಕ್ಕೆಂದು ಇಳಿಸಿ.

“ಕರಿಗ್ವಾಡಿ ಏರೂದ್ರೀ. ನಾಳಿ ಮುಂಜಾನೆ.”

ಮಾವನವರು, “ಏ, ಬಿಡ್ರೋ. ಅವರಿಗೇನು ಗೊತ್ತು ನಮ್ಮ ಪದ್ಧತಿ,” ಎಂದು ನನ್ನನ್ನು ಪಾರು ಮಾಡಲು ನೋಡಿದರು. ಭೀಮಣ್ಣ ಬಿಡಲಿಲ್ಲ. ಅವನಿಗೆ ತಂಗಿಯ ಮೇಲೆ ಪ್ರಾಣ; ನಮ್ಮ ಮನೆಯ ಮೂರು ಠಾಣೆಗಳನ್ನು ಅವನೂ ಕಂಡಿದ್ದ.

“ಗೆದ್ರ ನಾಡದು ರುಕ್ಕೀನ ಕರ್ಕೊಂಡು ಹೋಗ್ರಿ. ಸೋತ್ರ ದೀಪಾವಳಿತನಾ ಅಕಿ ಇಲ್ಲೇ. ಕಬೂಲೇನು?”

ಆಗುವುದಿಲ್ಲ ಎಂದು ಹೇಳಲೆಂದೇ ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಡುಮನೆಯ ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಹೊಸ ಬಳೆ, ಆಗತಾನೇ ತೊಡಿಸಿದ್ದು. “ಕಬೂಲ್,” ಅಂದೆ.

ಮೌಲಾಸಾಬ ಮೂಲೆಯಿಂದಲೇ ನನ್ನ ಕೈ ನೋಡಿ ತಲೆಯಾಡಿಸಿದ. “ನಂದು ಜಿಂದಗಿ ಎಲ್ಲಾ ಕೈ ನೋಡೂದ್ರಾಗ ಹೋಗೇದ ಮಾಸ್ತರ್ ಸಾಬ್. ಈ ಕೈ ಸೀಮೆಸುಣ್ಣ ಹಿಡಿಯೂದು. ಕಲ್ಲು ಹಿಡಿಯೂದಲ್ಲ.” ಊರಿನ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸಿ ಎಲ್ಲರ ಮನೆಗೂ ಬೇಕಾದವನಾದ್ದರಿಂದ ಅವನನ್ನೇ ತೀರ್ಪು ಹೇಳುವ ಪಂಚನನ್ನಾಗಿ ಮಾಡಿದರು. ಅವನು ನಿಯಮ ಹೇಳಿದ: ಯಾರೂ ಕೈಕೊಡಬಾರದು, ಹಗ್ಗ ಮುಟ್ಟಿದರೆ ಸೋತಂತೆ, ಬಾಯಿಮಾತಿಗೆ ಅಡ್ಡಿಯಿಲ್ಲ.

ಬೆಳಿಗ್ಗೆ ಹೋದೆವು. ಆ ಸೀಮೆಯ ಗುಡ್ಡಗಳೆಲ್ಲ ಬೂದುಗೆಂಪು ಬಂಡೆಗಳು, ಯಾರೋ ಉಂಡಿ ಕಟ್ಟಿ ಪೇರಿಸಿಟ್ಟ ಹಾಗೆ ದುಂಡಗೆ. ಅವುಗಳ ನಡುವೆ ಒಂದು ಕಡೆ ಮಾತ್ರ ಕಪ್ಪು ಕಲ್ಲು ನೆಲದಿಂದ ಎದ್ದು ನೆಟ್ಟಗೆ ನಿಂತಿತ್ತು. ಮೂಲೆ ಮೂಲೆ ಚೌಕನಾದ ತುಂಡುಗಳು, ಗೌಂಡಿ ಗಾರೆಯಿಲ್ಲದೆ ಕಟ್ಟಿದ್ದಾನೆ ಎನ್ನಬೇಕು. ಅದೇ ಕರಿಗ್ವಾಡಿ, ಕರಿಯ ಗೋಡೆ. ನಾಲ್ಕಾಳು ಎತ್ತರವಿದ್ದೀತು. ದೊಡ್ಡದೇನಲ್ಲ. ಆದರೆ ಎತ್ತರವನ್ನು ಕೆಳಗಿನಿಂದ ಅಳೆಯುವುದೇ ಬೇರೆ, ಮೇಲಿನಿಂದ ಅಳೆಯುವುದೇ ಬೇರೆ ಎಂಬುದನ್ನು ಯಾವ ಗಣಿತದ ಪುಸ್ತಕವೂ ನನಗೆ ಹೇಳಿರಲಿಲ್ಲ.

ಶೇರವಾನಿ ಕಳಚಿ ಭೀಮಣ್ಣನ ಕೈಗೆ ಕೊಟ್ಟೆ. ಜೋಡು ಬಿಟ್ಟೆ. ಧೋತರದ ಕಚ್ಚೆ ಬಿಗಿದೆ. ಸಮುದ್ರ ಹಾರಿದ ಹನುಮಪ್ಪನನ್ನು ನೆನೆದು, ನನಗೆ ಅಷ್ಟು ಬೇಡ, ಇಷ್ಟು ಸಾಕು ಎಂದು ಬೇಡಿಕೊಂಡು ಕೈ ಇಟ್ಟೆ.

ಮೊದಮೊದಲು ಸಲೀಸಾಯಿತು. ಕಲ್ಲು ಮೆಟ್ಟಿಲಿನಂತೆ ಇತ್ತು. ಬೆಳಗಿನ ತಂಪಿನ್ನೂ ಅದರೊಳಗಿತ್ತು. ಕೆಳಗಿನಿಂದ ಹುಡುಗರು “ಎಡಕ್ಕ, ಎಡಕ್ಕ” ಎಂದೂ “ಬಲಕ್ಕ, ಬಲಕ್ಕ” ಎಂದೂ ಕೂಗುತ್ತಿದ್ದರು. ನಾನು ನಡುವೆ ಹೋದೆ. ಇಷ್ಟೇ ಏನು ಕರಿಗ್ವಾಡಿ ಎಂದು ಒಂದು ಹೆಮ್ಮೆ ಕೂಡ ಬಂತು. ಆ ಹೆಮ್ಮೆಯನ್ನು ಭೀಮಣ್ಣನಿಗೆ ತೋರಿಸೋಣವೆಂದು ತಿರುಗಿ ಕೆಳಗೆ ನೋಡಿದೆ. ಮಾನ್ವಿಯ ಅಜ್ಜಿ ಕಂಡಷ್ಟೇ ಸಣ್ಣಗೆ ಭೀಮಣ್ಣ ಕಂಡ.

ಅಲ್ಲಿಗೆ ಮುಗಿಯಿತು. ಒಂದು ಗೇಣು ಅಗಲದ ಚಾಚುಗಲ್ಲಿನ ಮೇಲೆ ನಿಂತು ಕಲ್ಲನ್ನು ಎರಡೂ ಕೈಯಿಂದ ಅಪ್ಪಿಕೊಂಡೆ. ಅಷ್ಟು ಗಟ್ಟಿಯಾಗಿ ನಾನು ಅಲ್ಲಿಯ ತನಕ ಯಾರನ್ನೂ ಅಪ್ಪಿಕೊಂಡಿರಲಿಲ್ಲ. ಮೊಣಕಾಲು ದರ್ಜಿಯ ಮಷೀನಿನಂತೆ ಹೊಡೆದುಕೊಳ್ಳತೊಡಗಿತು. ಮೂಗಿನ ಮುಂದೆಯೇ ಒಂದು ಓತಿಕೇತ ಕುಳಿತು, ಆಯ್ತು ಆಯ್ತು ಎನ್ನುವಂತೆ ತಲೆಯಾಡಿಸುತ್ತಿತ್ತು.

“ಸಂಭಾಲಕೆ, ಜಮಾಯಿಬಾಬು, ಹುಷಾರ್ರೀ!” ಎಂದು ಮೌಲಾಸಾಬ ಕೂಗಿದ. “ಇಳೀತೀರೇನ್ರೀ?” ಎಂದು ಭೀಮಣ್ಣನೂ ಕೇಳಿದ. ಅವನ ದನಿಯಲ್ಲಿ ತಮಾಷೆ ಹೋಗಿ ಭಯ ಬಂದಿತ್ತು. ಇಳಿಯುವುದು ಹೇಗೆಂದು ಗೊತ್ತಿದ್ದರೆ ಆಗಲೇ ಇಳಿದುಬಿಡುತ್ತಿದ್ದೆ.

“ಏನ್ರೀ.”

ದನಿ ಬಂದದ್ದು ಮೇಲಿನಿಂದ. ಕತ್ತೆತ್ತಿದೆ. ಗೋಡೆಯ ಅಂಚಿನಿಂದ ರುಕ್ಮಿಣಿಯ ಮುಖ ಇಣುಕುತ್ತಿತ್ತು. ಗುಡ್ಡದ ಹಿಂಬದಿಯಿಂದ ಆಡಿನ ಹಾದಿ ಇದೆಯಂತೆ. ಅದನ್ನು ಹಿಡಿದು ಬಂದು, ಹೊಟ್ಟೆಯ ಮೇಲೆ ಮಲಗಿ ನನ್ನನ್ನು ನೋಡುತ್ತಿದ್ದಳು. ಗೋಡೆಗೆ ಹೇಳದೆ, ಅತ್ತೆಗೆ ಹೇಳದೆ, ನೇರವಾಗಿ ನನಗೇ ಅವಳು ಆಡಿದ ಮೊದಲ ಮಾತು ಅದು.

“ಗ್ವಾಡೀನ್ಯಾಕ ಹಂಗ ಅಪ್ಪಿಕೊಂಡೀರಿ?”

“ಬಿಟ್ರ ಬೀಳ್ತೀನಿ.”

“ಅಪ್ಪಿಕೊಂಡ್ರನ ಬೀಳ್ತೀರಿ. ಎದಿ ಸ್ವಲ್ಪ ದೂರ ತಗೀರಿ. ಕಾಲು ಕಾಣ್ತಾವ. ಕೈಲೆ ಏರೂದಲ್ಲ ಇದು, ಕಾಲ್ಲೆ ಏರೂದು.”

ಎದೆ ದೂರ ತೆಗೆದೆ. ಹೌದು, ಕಾಲು ಕಂಡವು. ನನ್ನವೇ.

“ನಿನಗ ಹ್ಯಾಂಗ ಗೊತ್ತು ಇದೆಲ್ಲಾ?”

“ಸಣ್ಣಾಕಿದ್ದಾಗ ಸೀತಾಫಲಕ್ಕ ಏರ್ತಿದ್ದೆ. ಬಲಗೈ ಮ್ಯಾಲ ಗುಬ್ಬಿಕಿಸೆ ಅದ. ಬೆರಳು ಹಾಕ್ರಿ.”

ಕಲ್ಲಿನಲ್ಲಿ ಒಂದು ಸಂದು. ಓಣಿಯ ಹುಡುಗಿಯರು ಅದಕ್ಕೆ ಇಟ್ಟ ಹೆಸರು ಗುಬ್ಬಿಕಿಸೆ. “ಒಳಗೇನರ ಇದ್ರ?” ಎಂದೆ.

“ಗುಬ್ಬಿ ಇದ್ರ ಹಾರಿ ಹೋಗ್ತದ. ನಿಮ್ಹಂಗ ಕೂಡಂಗಿಲ್ಲ.”

ಬೆರಳು ಹಾಕಿದೆ. ಗುಬ್ಬಿ ಇರಲಿಲ್ಲ. ಅಲ್ಲಿಂದ ಕುದುರೆಬೆನ್ನು, ಅದರ ಮೇಲೆ ಹೊರಸಿನ ಕಾಲು, ಎಲ್ಲಕ್ಕೂ ಹೆಸರಿತ್ತು. ಅವಳು ಹೇಳುವಳು, ನಾನು ಹುಡುಕುವೆನು. ಅವಳ ಮಾತು ಇಷ್ಟು ಚಂದವಿದೆ ಎಂದು ಯೋಚಿಸುತ್ತ ಎರಡು ಹಿಡಿಕೆ ಏರಿದ್ದೇ ಗೊತ್ತಾಗಲಿಲ್ಲ. ಆಮೇಲೆ ಕಲ್ಲು ಒಮ್ಮೆಲೇ ನುಣ್ಣಗಾಯಿತು. ಕೈಗೆ ಸಿಕ್ಕುವುದೇನೂ ಇಲ್ಲ. ಮೊಣಕಾಲಿನ ಮಷೀನು ಮತ್ತೆ ಶುರುವಾಯಿತು. ಬೆರಳಿನ ತುದಿ ಸತ್ತುಹೋಗಿತ್ತು. ಕಣ್ಣಲ್ಲಿ ನೀರು ಬಂತು. ಬೆವರು ಎಂದು ಬೇಕಾದರೆ ಹೇಳಬಹುದು, ಬೆವರಲ್ಲ.

“ನನ್ನ ಕೈಲೆ ಆಗಂಗಿಲ್ಲ,” ಎಂದೆ. “ಹೋಗ್ಲಿ ಬಿಡು. ನಿನಗೂ ತವರಾಗ ಇರೂದ ಬೇಕಲ್ಲ. ಜೋಕಾಲ್ಯಾಗ ಎಷ್ಟು ನಗಾಕತ್ತಿದ್ದಿ. ನನ್ನ ನೋಡಿದ ಕೂಡಲೇ ನಗು ನಿಂತ್ಹೋತು.”

ಹೇಗೆ ಬಾಯಿಗೆ ಬಂತೋ ಕಾಣೆ. ಮನೆಯಲ್ಲಾಗಿದ್ದರೆ ಜನ್ಮದಲ್ಲಿ ಹೇಳುತ್ತಿರಲಿಲ್ಲ. ಗೋಡೆಗೆ ಅಂಟಿಕೊಂಡವನಿಗೆ ಸಂಕೋಚ ಎಲ್ಲಿಯದು?

ಅವಳ ಮುಖ ಅಂಚಿನಿಂದ ಹಿಂದೆ ಸರಿಯಿತು. ಹೋದಳು ಎಂದುಕೊಂಡೆ. ಅಷ್ಟರಲ್ಲಿ ಮುಖ ಮರಳಿ ಬಂತು. ಬಿಳಿಚಿಕೊಂಡಿತ್ತು.

“ಆ ಮಾತು ಮ್ಯಾಲ ಬಂದು ಆಡ್ರಿ,” ಅಂದಳು. “ಈಗ ಎಡಗಾಲು ಎತ್ತರಿ. ಇನ್ನಷ್ಟು. ಅಲ್ಲೊಂದು ಒಡಕು ಅದ, ಹೆಬ್ಬೆರಳು ಹಿಡೀತದ. ಹಿಡೀತೇನು? ಹಾಂ. ಈಗ ಎದ್ದು ನಿಂದರ್ರಿ. ಹೆದರಿಕಿ ಬಂದ್ರ ಬರ್ಲಿ, ನೀವು ನಿಂದರ್ರಿ.”

ನಿಂತೆ. ಹೆಬ್ಬೆರಳ ಮೇಲೆ, ಕೈಯಲ್ಲಿ ಏನೂ ಇಲ್ಲದೆ, ಎದ್ದು ನಿಂತೆ. ಮೇಲಿನ ಅಂಚು ಕೈಗೆ ಸಿಕ್ಕಿತು. ಅಲ್ಲಿಂದ ನಾನು ಏರಿದೆ ಎನ್ನುವುದಕ್ಕಿಂತ ಉರುಳಿದೆ ಎನ್ನುವುದೇ ಸರಿ. ಮೊದಲು ಗದ್ದ, ಆಮೇಲೆ ಹೊಟ್ಟೆ, ಹೊಟ್ಟೆಯೊಳಗಿನ ಉಂಡಿಗಳು, ಕೊನೆಗೆ ಕಾಲು. ಅವಳು ಕೈಕೊಡಲಿಲ್ಲ. ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು.

ಕೆಳಗೆ ಹುಡುಗರು ಕೇಕೆ ಹಾಕಿದರು. “ಜೀತ್ ಗಯೇ! ಅಳಿಯ ಗೆದ್ರು!” ಎಂದು ಮೌಲಾಸಾಬ ತೀರ್ಪು ಕೊಟ್ಟ. ಭೀಮಣ್ಣ ನನ್ನ ಶೇರವಾನಿಯನ್ನೇ ಬಾವುಟದ ಹಾಗೆ ಬೀಸುತ್ತಿದ್ದ, ಪಾಪ, ಸೋತವನು. ನಾನು ಅಂಗಾತ ಬಿದ್ದು ಮೋಡ ನೋಡುತ್ತಿದ್ದೆ. ಎದೆ ತಹಬಂದಿಗೆ ಬಂದ ಮೇಲೆ ಎದ್ದು ಕುಳಿತೆ. ಸುತ್ತ ಸೀತಾಫಲದ ಗಿಡಗಳು, ಕಾಯಿ ಇನ್ನೂ ಸಣ್ಣವು. ರುಕ್ಮಿಣಿಯ ಬೆನ್ನ ಹಿಂದೆ, ಸೆರಗಿನಡಿ ಏನೋ ಕಂಡಿತು. ಕೈಚಾಚಿ ಸೆರಗು ಸರಿಸಿದೆ. ಬಾವಿಯ ಹಗ್ಗ. ಒಂದು ತುದಿಯನ್ನು ಬಂಡೆಯ ಕೊರಳಿಗೆ ಬಿಗಿದು ಕಟ್ಟಿತ್ತು, ಉಳಿದದ್ದನ್ನು ಸುರುಳಿ ಸುತ್ತಿ ಇಟ್ಟಿತ್ತು. ರುಕ್ಮಿಣಿಯ ತಾಯಿ ಮಡಿನೀರು ಸೇದುವ ಹಗ್ಗ. ಮನೆಯವರೇ ಮೈಲಿಗೆಯಲ್ಲಿ ಮುಟ್ಟುವಂತಿರಲಿಲ್ಲ.

“ಇದೇನು?”

“ಅವ್ವ ಕೊಟ್ಟು ಕಳಿಸಿದ್ಲು. ‘ಮಡಿ ಹಾಳಾಗ್ಲಿ, ಶರ್ತು ಹಾಳಾಗ್ಲಿ, ಅಳಿಯಂದಿರ ಕೈಕಾಲು ನಡುಗಿದ್ರ ಮೊದಲು ಹಗ್ಗ ಇಳಿಬಿಡು’ ಅಂದಿದ್ಲು.”

“ನನ್ನ ಕೈಕಾಲು ನಡುಗಿದ್ದು ನಿನಗ ಕಾಣಲಿಲ್ಲೇನು?”

“ಕಾಣ್ತು.”

“ಮತ್ತ ಯಾಕ ಬಿಡಲಿಲ್ಲ?”

ಅವಳು ನನ್ನ ಕಡೆ ನೋಡಲಿಲ್ಲ. ಬಂಡೆಯ ಕಡೆ ಹೊರಳಿ ಹಗ್ಗದ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಅವಳ ಬೆರಳು ನನ್ನ ಮೊಣಕಾಲಿಗಿಂತ ಹೆಚ್ಚು ನಡುಗುತ್ತಿದ್ದವು.

“ಬಿಟ್ಟಿದ್ರ ನೀವು ಹಿಡೀತಿ‌ದ್ರಿ,” ಅಂದಳು. “ನಾ ದೀಪಾವಳಿತನಾ ಇಲ್ಲೇ ಉಳೀಬೇಕಾಗ್ತಿತ್ತು.”